ಲೇಡೀಸ್ ಬೋಗಿಯ ಹಿಂದಿನ ಕತೆ

ಸಿರುಗುಪ್ಪಕ್ಕೆ ರೈಲಿಲ್ಲ, ಕುರುಗೋಡಿಗೂ ಇಲ್ಲ. ಅಲ್ಲಿಂದ ಕಾಲೇಜಿಗೆ, ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳು ಮೊದಲು ಬಸ್ಸಿನಲ್ಲಿ ಬಳ್ಳಾರಿಗೆ ಬರಬೇಕು. ಹೊಸಪೇಟೆ ಅಥವಾ ಗುಂತಕಲ್ಲಿಗೆ ಹೋಗುವವರು ಇಲ್ಲಿಂದ ರೈಲು ಹಿಡಿಯಬೇಕು. ಮುಂಬೈಯವರಿಗೆ ಲೋಕಲ್ ಹೇಗೋ ನಮ್ಮವರಿಗೆ ಈ ಕೆಂಪು ಬಸ್ಸು, ಈ ಪ್ಯಾಸೆಂಜರ್ ಹಾಗೆ.

ದಾರಿಯಲ್ಲಿ ಯಾರಾದರೂ ಕಾಟ ಕೊಟ್ಟರೆ ಹುಡುಗಿಯರು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆ. ಸುದ್ದಿಗೆಂದು ಓಡಾಡುವಾಗ ಈ ಮಾತು ನಮ್ಮ ಕಿವಿಗೆ ಎಷ್ಟೋ ಸಲ ಬಿದ್ದಿದೆ. ತಪ್ಪು ಮಾಡಿದವನು ಮರುದಿನವೂ ಅದೇ ರೈಲು ಹತ್ತುತ್ತಾನೆ, ಓದು ನಿಲ್ಲುವುದು ಇವಳದು. ಹಾಗಾದರೆ ಕಾನೂನು ಇವಳಿಗಾಗಿ ಏನು ಮಾಡಿಟ್ಟಿದೆ ಎಂದು ಹುಡುಕಿಕೊಂಡು ನಾವು ಹಿಂದಕ್ಕೆ ಹೋದೆವು.

ಕತೆ 1890ರ ರೈಲ್ವೆ ಕಾಯ್ದೆಯಿಂದ ಶುರುವಾಗುತ್ತದೆ. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು. ಹೊಸಪೇಟೆ ಕಡೆಯ ಹಳಿ ಸದರ್ನ್ ಮರಾಠಾ ರೈಲ್ವೆ ಕಂಪನಿಯದು. 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕರ ರೈಲಿನಲ್ಲೂ ಅತಿ ಕೆಳದರ್ಜೆಯ ಒಂದು ಕಂಪಾರ್ಟ್‌ಮೆಂಟನ್ನಾದರೂ ಹೆಂಗಸರಿಗೇ ಬಿಡಬೇಕು ಎಂದು ಕಾಯ್ದೆಯ 64ನೇ ಸೆಕ್ಷನ್ ಹೇಳಿತು. ರೈಲು ಐವತ್ತು ಮೈಲಿಗಿಂತ ಹೆಚ್ಚು ಓಡುವುದಾದರೆ ಅದರಲ್ಲಿ ಶೌಚಾಲಯವೂ ಇರಬೇಕು. ಬಳ್ಳಾರಿಯಿಂದ ಹೊಸಪೇಟೆ ಸುಮಾರು 65 ಕಿಲೋಮೀಟರ್, ಅಂದರೆ ಸುಮಾರು ನಲವತ್ತು ಮೈಲಿ. ಅಷ್ಟೇ ದೂರ ಓಡುವ ರೈಲಿಗೆ ಆ ಕಡ್ಡಾಯವಿರಲಿಲ್ಲ.

ಗೊತ್ತಿದ್ದೂ ಆ ಕಂಪಾರ್ಟ್‌ಮೆಂಟಿಗೆ ನುಗ್ಗಿದ ಗಂಡಸಿಗೆ ನೂರು ರೂಪಾಯಿವರೆಗೆ ದಂಡ. ರೈಲ್ವೆ ನೌಕರ ಇಳಿ ಎಂದ ಮೇಲೂ ಇಳಿಯದಿದ್ದರೂ ಅದೇ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಆದರೆ ಇಳಿ ಎಂದು ಹೇಳಲು ಒಬ್ಬ ನೌಕರ ಅಲ್ಲಿರಬೇಕಲ್ಲ? ಸಣ್ಣ ಸ್ಟೇಷನ್ನುಗಳಲ್ಲಿ, ಕತ್ತಲಾದ ಮೇಲೆ, ಆ ಪ್ರಶ್ನೆ ಇವತ್ತಿಗೂ ಹಾಗೇ ಇದೆ.

ನೂರು ವರ್ಷದ ನಂತರ 1989ರ ಹೊಸ ರೈಲ್ವೆ ಕಾಯ್ದೆ ಬಂತು. ಅದರ 58ನೇ ಸೆಕ್ಷನ್ ಓದಿದಾಗ ನಮಗೆ ಆಶ್ಚರ್ಯವಾಯಿತು. ಒಂದು ಕಂಪಾರ್ಟ್‌ಮೆಂಟ್, ಇಲ್ಲವೇ ರೈಲ್ವೆ ಆಡಳಿತಕ್ಕೆ ಸರಿ ಕಂಡಷ್ಟು ಬರ್ತು, ಸೀಟುಗಳನ್ನು ಮೀಸಲಿಟ್ಟರೆ ಸಾಕಂತೆ. ಒಂದಾದರೂ ಇರಲೇಬೇಕು ಎಂಬ ಹಳೆಯ ಬಿಗಿ ಸಡಿಲವಾಯಿತು. ದಂಡ ಐನೂರು ರೂಪಾಯಿವರೆಗೆ ಏರಿತು. ನೂರು ವರ್ಷದಲ್ಲಿ ರೂಪಾಯಿ ಎಷ್ಟು ಇಳಿದಿದೆ ಎಂದು ನೆನೆದರೆ ಇದು ಏರಿಕೆಯೇ ಅಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ, ಗುಂತಕಲ್ಲು ಎರಡೂ ಮದ್ರಾಸ್ ರಾಜ್ಯದಲ್ಲಿದ್ದವು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ಗುಂತಕಲ್ಲು ಆಂಧ್ರಕ್ಕೆ. ರೈಲಿನೊಳಗಿನ ಅಪರಾಧದ ತನಿಖೆ ಆಯಾ ರಾಜ್ಯದ ರೈಲ್ವೆ ಪೊಲೀಸರದು. ಹಾಗಾಗಿ ಒಂದೇ ರೈಲು ಗಂಟೆಯೊಳಗೆ ಎರಡು ರಾಜ್ಯದ ಪೊಲೀಸರ ಕೈ ದಾಟುತ್ತದೆ. ಇದು ನಮ್ಮ ಸರಹದ್ದಲ್ಲ ಎಂದು ದೂರುದಾರರನ್ನು ಸಾಗಹಾಕಲು ಇದೊಂದು ನೆಪವಾಗಬಹುದು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಆ ನೆಪಕ್ಕೆ ಜಾಗ ಬಿಟ್ಟಿಲ್ಲ. ಘಟನೆ ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು.

ಬೋಗಿ ಬೇರೆ ಮಾಡಿದರೆ ಸಾಕೇ? 2011ರ ಫೆಬ್ರವರಿ 1ರ ರಾತ್ರಿ ಕೇರಳದಲ್ಲಿ ಎರ್ನಾಕುಲಂ–ಶೋರನೂರು ಪ್ಯಾಸೆಂಜರಿನ ಲೇಡೀಸ್ ಬೋಗಿಯಲ್ಲಿ ಒಂಟಿಯಾಗಿ ಉಳಿದಿದ್ದ ಯುವತಿಯ ಮೇಲೆ ದಾಳಿ ನಡೆಯಿತು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಪಕ್ಕದ ಬೋಗಿಯವರಿಗೆ ಕೂಗು ಕೇಳಿತ್ತು. ಒಬ್ಬರು ಸರಪಳಿ ಎಳೆಯಲು ಹೊರಟಾಗ, ಹುಡುಗಿ ಹಾರಿ ತಪ್ಪಿಸಿಕೊಂಡಳು ಎಂದು ಹೇಳಿ ಇನ್ನೊಬ್ಬ ತಡೆದದ್ದು ನ್ಯಾಯಾಲಯದ ದಾಖಲೆಯಲ್ಲಿದೆ. ಸುಮ್ಮನೆ ಸರಪಳಿ ಎಳೆದರೆ ಮಾತ್ರ ಅಪರಾಧ. ಸರಿಯಾದ ಕಾರಣವಿದ್ದರೆ ಅಲ್ಲ ಎಂದು ಕಾಯ್ದೆಯ 141ನೇ ಸೆಕ್ಷನ್ನೇ ಹೇಳುತ್ತದೆ. ನಮ್ಮ ಜನಕ್ಕೆ ದಂಡದ ಬೋರ್ಡು ಗೊತ್ತು, ಈ ಅರ್ಧ ಗೊತ್ತಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಹಣದ ಅಡ್ಡಿ ಹೋದ ಮೇಲೆ ಉಳಿದಿರುವುದು ಭಯದ ಅಡ್ಡಿ. ರೈಲಿನಲ್ಲಾದರೆ 139ಕ್ಕೆ, ಬಸ್ಸಿನಲ್ಲಾದರೆ 112ಕ್ಕೆ ಫೋನ್ ಮಾಡಬಹುದು. ಈ ನಂಬರುಗಳನ್ನು ಮಗಳ ಫೋನಿನಲ್ಲಿ ಹಾಕಿಕೊಡಿ. ಅದಕ್ಕಿಂತ ಮೊದಲು ಅವಳಿಗೆ ಒಂದು ಮಾತು ಕೊಡಿ: ಏನೇ ಆದರೂ ಮನೆಗೆ ಬಂದು ಹೇಳು, ಕಾಲೇಜು ಬಿಡಿಸುವುದಿಲ್ಲ. 1890ರಿಂದ ಇವತ್ತಿನವರೆಗೆ ಯಾವ ಕಾಯ್ದೆಯೂ ಆ ಮಾತು ಕೊಟ್ಟಿಲ್ಲ. ಅದನ್ನು ಮನೆಯವರೇ ಕೊಡಬೇಕು.