ಒಪ್ಪೋಲೆ

ನಮ್ಮ ತಂದೆಗೆ ಒಂದು ಅಭ್ಯಾಸವಿತ್ತು. ಹೊಸ ಪುಸ್ತಕ ಮನೆಗೆ ಬಂದರೆ ಮೊದಲು ಕಡೆಯ ಪುಟ ತೆರೆಯುವರು. ಅಲ್ಲಿ ‘ಒಪ್ಪೋಲೆ’ ಇದ್ದರೆ ಪೆನ್ಸಿಲ್ ಹಿಡಿದು ಕೂತು, ಇಂಥ ಪುಟ, ಇಂಥ ಸಾಲು ಎಂದು ಹುಡುಕಿ ಒಂದೊಂದೇ ತಪ್ಪು ತಿದ್ದಿ, ಆಮೇಲೆ ಓದಲು ಶುರುಮಾಡುವರು. “ಅಕ್ಕಿಯಲ್ಲಿ ಕಲ್ಲು ಆರಿಸಿಕೊಡಿ ಅಂದರೆ ಕಣ್ಣು ಕಾಣಿಸುವುದಿಲ್ಲ, ಇದಕ್ಕೆ ಮಾತ್ರ ಕಾಣಿಸುತ್ತೆ” ಎಂದು ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು. ಒಂದು ಅಕ್ಷರ, ಒಂದು ಇಸವಿ ತಪ್ಪಿದ್ದರೆ ಪೆನ್ಸಿಲ್ ಸಾಕು. ಇಡೀ ಬರಹವೇ ತಪ್ಪಾಗಿದ್ದರೆ? ಈ ಪ್ರಶ್ನೆ ನನ್ನನ್ನು ಹಿಡಿದದ್ದು 2010ರಲ್ಲಿ. ಆದರೆ ಕಥೆ ಅದಕ್ಕಿಂತ ಹಿಂದಿನದು.

2002ರ ಬೇಸಿಗೆಯಲ್ಲಿ ಲಂಡನ್ನಿನಿಂದ ಬಂದ ನಮ್ಮ ಚಿಕ್ಕಪ್ಪನ ಮಗ, ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆಗೆ ಒಂದು ಸುದ್ದಿಯನ್ನೂ ತಂದಿದ್ದ. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಚುಚ್ಚುಮದ್ದಿನಿಂದ ಮಕ್ಕಳಿಗೆ ಆಟಿಸಂ ಬರುತ್ತದಂತೆ. ದೊಡ್ಡ ವೈದ್ಯಪತ್ರಿಕೆಯಲ್ಲೇ ಬಂದಿದೆಯಂತೆ. ಪ್ರಧಾನಿ ಟೋನಿ ಬ್ಲೇರ್ ಅವರೇ ತಮ್ಮ ಕೂಸಿಗೆ ಹಾಕಿಸಿದ್ದಾರೋ ಇಲ್ಲವೋ ಹೇಳಲು ಒಪ್ಪಲಿಲ್ಲವಂತೆ. ಅಚ್ಚಾದದ್ದನ್ನು ನಂಬುವ ಮನೆಯಲ್ಲಿ ಬೆಳೆದವಳು ನಾನು. ಎದುರುಮನೆಯ ಬ್ಯಾಂಕಿನವರ ಹೆಂಡತಿ, ಕಂಕುಳಲ್ಲಿ ಒಂದು ವರ್ಷದ ಮಗಳನ್ನು ಎತ್ತಿಕೊಂಡು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ, ಮಜ್ಜಿಗೆಯ ಜೊತೆಗೆ ಇದನ್ನೂ ಕೊಟ್ಟೆ. “ಹೌದಾ ಅಕ್ಕಾ? ಹಾಗಾದರೆ ಸದ್ಯಕ್ಕೆ ಬೇಡ ಬಿಡಿ” ಎಂದಳು. ಮರುವರ್ಷ ಅವರಿಗೆ ವರ್ಗವಾಯಿತು.

ಆ ಪತ್ರಿಕೆಯ ಹೆಸರು ‘ದಿ ಲ್ಯಾನ್ಸೆಟ್’. 1823ರಲ್ಲಿ ಲಂಡನ್ನಿನಲ್ಲಿ ಥಾಮಸ್ ವೇಕ್ಲಿ ಎಂಬ ವೈದ್ಯ ಶುರುಮಾಡಿದ್ದು. ಅದರಲ್ಲಿ ಲೇಖನ ಬಂತೆಂದರೆ ವೈದ್ಯಲೋಕ ಕಿವಿಗೊಡುತ್ತದೆ. 1998ರ ಫೆಬ್ರವರಿ 28ರ ಸಂಚಿಕೆಯಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಹನ್ನೆರಡು ಮಂದಿ ಸಹಲೇಖಕರ ಹೆಸರಿನಲ್ಲಿ ಒಂದು ಲೇಖನ ಬಂತು. ಅವರು ನೋಡಿದ ಮಕ್ಕಳ ಸಂಖ್ಯೆಯೂ ಬರೀ ಹನ್ನೆರಡು! ಕರುಳಿನ ತೊಂದರೆಯೂ ಬೆಳವಣಿಗೆಯ ಹಿನ್ನಡೆಯೂ ಇದ್ದ ಮಕ್ಕಳು. ಅವರಲ್ಲಿ ಎಂಟು ಮಕ್ಕಳ ತಂದೆತಾಯಿ ಚುಚ್ಚುಮದ್ದಿನ ಮೇಲೆ ಬೊಟ್ಟು ಮಾಡಿದ್ದರು. ಸಂಬಂಧ ಸಾಬೀತಾಗಿಲ್ಲ ಎಂದು ಲೇಖನದಲ್ಲೇ ಇತ್ತು. ಆದರೆ ವೇಕ್‌ಫೀಲ್ಡ್ ಪತ್ರಿಕಾಗೋಷ್ಠಿಯಲ್ಲಿ ಕೂತು, ಮೂರೂ ಸೇರಿದ ಮದ್ದು ಬೇಡ, ಬೇರೆಬೇರೆಯಾಗಿ ಕೊಡಿ ಎಂದರು. ಜನ ಲೇಖನ ಓದಲಿಲ್ಲ, ಆ ಮಾತು ಕೇಳಿದರು.

ಇಂಗ್ಲೆಂಡಿನಲ್ಲಿ ನೂರಕ್ಕೆ 92ರಷ್ಟು ಮಕ್ಕಳಿಗೆ ಹಾಕಿಸುತ್ತಿದ್ದ ಮದ್ದು 2003–04ರ ಹೊತ್ತಿಗೆ ನೂರಕ್ಕೆ 80ಕ್ಕೆ ಇಳಿಯಿತು. 2006ರಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗ ದಡಾರದಿಂದ ಸತ್ತ. ಬ್ರಿಟನ್ನಿನಲ್ಲಿ ಹದಿನಾಲ್ಕು ವರ್ಷಗಳಲ್ಲಿ ಅಂಥ ಸಾವು ಅದೇ ಮೊದಲು.

ಕಲ್ಲು ಆರಿಸಿದವರು ಪತ್ರಿಕೆಯ ಸಂಪಾದಕರಲ್ಲ, ಬ್ರಯಾನ್ ಡಿಯರ್ ಎಂಬ ವರದಿಗಾರ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆಯುತ್ತಿದ್ದುದನ್ನು ಅವರು 2004ರ ಫೆಬ್ರವರಿಯಲ್ಲಿ ‘ಸಂಡೇ ಟೈಮ್ಸ್’ನಲ್ಲಿ ಬರೆದರು. ಮೊತ್ತ ನಾಲ್ಕು ಲಕ್ಷ ಪೌಂಡ್ ಮೀರಿತ್ತೆಂದು ಆಮೇಲೆ ಬಯಲಾಯಿತು. ಮುಂದಿನ ತಿಂಗಳೇ ಹದಿಮೂರು ಲೇಖಕರಲ್ಲಿ ಹತ್ತು ಮಂದಿ, ಲೇಖನದಿಂದ ಅಂಥ ಅರ್ಥ ತೆಗೆದದ್ದನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಸಹಿ ಹಾಕಿದರು. ಅರ್ಥವನ್ನು ಮಾತ್ರ, ಲೇಖನವನ್ನಲ್ಲ. ಹುಳಿ ಕೆಟ್ಟಿದೆ ಎಂದು ಒಪ್ಪಿಕೊಂಡು ಪಾತ್ರೆಯನ್ನು ಹಾಗೇ ಒಲೆಯ ಮೇಲೆ ಬಿಟ್ಟ ಹಾಗೆ.

ಪತ್ರಿಕೆಗಳಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. ಅಂಕಿ ತಪ್ಪಿದ್ದರೆ ತಿದ್ದುಪಡಿ ಅಚ್ಚುಮಾಡುತ್ತಾರೆ. ಸಂಶಯ ಬಂದು ವಿಚಾರಣೆ ನಡೆಯುತ್ತಿದ್ದರೆ ಓದುಗರಿಗೆ ಎಚ್ಚರಿಕೆಯ ಮಾತು. ಬುಡವೇ ಸುಳ್ಳಾಗಿದ್ದರೆ ಪೂರ್ತಿ ಹಿಂತೆಗೆತ. ಬ್ರಿಟನ್ನಿನ ಸಂಪಾದಕರು 1997ರಲ್ಲಿ ಇಂಥ ವಿಷಯಗಳಿಗೆಂದೇ ಒಂದು ಸಮಿತಿ ಕಟ್ಟಿಕೊಂಡಿದ್ದರು. 2009ರಲ್ಲಿ ಅದು ಹಿಂತೆಗೆತದ ನಿಯಮಗಳನ್ನು ಬರೆಯಿತು. ಲೇಖಕರನ್ನು ದಂಡಿಸುವುದು ಇದರ ಉದ್ದೇಶವಲ್ಲ, ದಾಖಲೆ ಸರಿಪಡಿಸುವುದು ಎನ್ನುತ್ತದೆ ಅದು.

ಬ್ರಿಟನ್ನಿನ ವೈದ್ಯಕೀಯ ಮಂಡಳಿಯ ವಿಚಾರಣೆ ವರ್ಷಗಟ್ಟಲೆ ನಡೆದು 2010ರ ಜನವರಿ 28ಕ್ಕೆ ತೀರ್ಪು ಬಂತು. ಮಕ್ಕಳು ತಾವಾಗಿಯೇ ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬಂದವರೆಂದು ಬರೆದದ್ದು ಸುಳ್ಳು. ನೈತಿಕ ಸಮಿತಿಯ ಒಪ್ಪಿಗೆಯಿತ್ತು ಎಂದದ್ದೂ ಸುಳ್ಳು. ಇನ್ನೊಂದು ವಿಷಯ ಓದಿ ನನಗೆ ಮೈ ಝುಮ್ಮೆಂದಿತು: ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳ ಕೈಗೆ ಐದೈದು ಪೌಂಡ್ ಕೊಟ್ಟು ಈ ಮನುಷ್ಯ ರಕ್ತ ತೆಗೆಸಿದ್ದರು. ಹುಟ್ಟುಹಬ್ಬಕ್ಕೆ ಕಳಿಸಿದ ತಾಯಂದಿರನ್ನು ನೆನೆಸಿಕೊಳ್ಳಿ. ಫೆಬ್ರವರಿ 2ರಂದು ‘ಲ್ಯಾನ್ಸೆಟ್’ ಲೇಖನವನ್ನು ಪೂರ್ತಿ ಹಿಂತೆಗೆಯಿತು. ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರು ವೈದ್ಯರ ಪಟ್ಟಿಯಿಂದ ಹೋಯಿತು. ಮೂರನೆಯ ತರಗತಿಯ ಮಗು ಏಳನೆಯ ತರಗತಿಗೆ ಬರುವಷ್ಟು ಕಾಲವಲ್ಲ, ಹನ್ನೆರಡು ವರ್ಷ! ಆ ಸಂಪಾದಕರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹಿಂತೆಗೆದರೆಂದರೆ ಹರಿದು ಎಸೆದರೆಂದಲ್ಲ. ಲೇಖನ ಇಂದಿಗೂ ಅಲ್ಲೇ ಇದೆ. ಪುಟಗಳ ಮೇಲೆ ಅಡ್ಡಲಾಗಿ, ಕೆಂಪಕ್ಷರದಲ್ಲಿ, ಹಿಂತೆಗೆಯಲಾಗಿದೆ ಎಂಬ ಮುದ್ರೆ. ಅಪ್ಪನ ಪೆನ್ಸಿಲ್ ಗೆರೆಯ ಅಡಿಯಲ್ಲಿಯೂ ಹಳೆಯ ತಪ್ಪು ಕಾಣುತ್ತಲೇ ಇರುತ್ತಿತ್ತು. ಡೆನ್ಮಾರ್ಕಿನವರು 2019ರಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು, ಆ ಮದ್ದಿಗೂ ಆಟಿಸಂಗೂ ಸಂಬಂಧವಿಲ್ಲವೆಂದು ತೋರಿಸಿದರು.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೂ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದರಲ್ಲ, ಆಗ ನನ್ನ ನಾದಿನಿ ಗಾಬರಿಯಿಂದ ಫೋನ್ ಮಾಡಿದಳು. ಮೊಬೈಲಿನಲ್ಲಿ ಅವಳಿಗೆ ಏನೋ ಬಂದಿತ್ತಂತೆ. ಮೊಮ್ಮಗನನ್ನು ಅಂದು ಶಾಲೆಗೆ ಕಳಿಸಬೇಕೋ ಬೇಡವೋ. ಇಷ್ಟೂ ಕಥೆಯನ್ನು ಅವಳಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು.

“ಸರಿ ಅತ್ತಿಗೆ, ಕಳಿಸ್ತೀನಿ. ಅಂದಹಾಗೆ ನಿಮ್ಮ ಎದುರುಮನೆಯವಳು ಕೊನೆಗೆ ಮಗಳಿಗೆ ಹಾಕಿಸಿದಳಾ?”

2010ರಲ್ಲಿ ಅವಳಿಗೊಂದು ಕಾಗದ ಬರೆದಿದ್ದೆ. ಗಂಡನ ಬ್ಯಾಂಕಿನ ಶಾಖೆಯ ವಿಳಾಸಕ್ಕೆ. ಹದಿನೈದು ದಿನದ ಮೇಲೆ, ಇಲ್ಲಿಲ್ಲ ಎಂಬ ಷರಾದೊಂದಿಗೆ ಅದು ನನಗೇ ವಾಪಸು ಬಂತು.