ಮಾಯಾಲೋಕ-2 ಬಂತಾ?

ಕಾಲೇಜು ದಿನಗಳಲ್ಲಿ ಶಿವಮೊಗ್ಗದ ಬಿ.ಎಚ್. ರಸ್ತೆಯ ಪುಸ್ತಕದಂಗಡಿಗೆ ಹೋದಾಗಲೆಲ್ಲ ನಾವು ಇದೇ ಪ್ರಶ್ನೆ ಕೇಳುತ್ತಿದ್ದೆವು. ಭದ್ರಾವತಿಯಿಂದ ಬರುತ್ತಿದ್ದ ಗೆಳೆಯರಿಗೂ ಇದೇ ಚಾಳಿ. ನಮ್ಮದೇ ಜಿಲ್ಲೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಮಾಯಾಲೋಕವನ್ನು ಸರಣಿಯೆಂದೇ ಶುರು ಮಾಡಿದ್ದರು. ಮೊದಲ ಪುಸ್ತಕದ ಹೆಸರಲ್ಲೇ 1 ಇದೆ. ನಮ್ಮ ಆಸೆಗೆಲ್ಲ ಆ ಒಂದಂಕಿಯೇ ಮೂಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯಲ್ಲಿ ಅವರು ತೀರಿಕೊಂಡರು. ಎರಡನೆಯದು ಬರಲೇ ಇಲ್ಲ.

ಇಂಗ್ಲೆಂಡಿನ ಜೋ ಡೆವರ್ ಕೂಡ ಹಾಗೆಯೇ. ಓದುಗನೇ ದಾರಿ ಆರಿಸಿಕೊಳ್ಳುವ 'ಲೋನ್ ವುಲ್ಫ್' ಸರಣಿಯ 32 ಪುಸ್ತಕ ಮುಗಿಸದೆ 2016ರಲ್ಲಿ ಹೋದರು. ಅವರ ಟಿಪ್ಪಣಿ ಹಿಡಿದು ಮಗ ಮುಂದುವರಿಸಿದರು, ಅಭಿಮಾನಿಗಳು ಕೊಂಡು ಓದಿದರು.

ಮಾಯಾಲೋಕವನ್ನು ಬೇರೆಯವರು ಮುಂದುವರಿಸಿದರೆ? ನಮಗಂತೂ ಬೇಡ. ಪಕ್ಕದಲ್ಲಿ ಕೂತು ಹರಟಿದಂಥ ಆ ಧಾಟಿ ಟಿಪ್ಪಣಿಯಲ್ಲಿ ಸಿಗುವಂಥದ್ದಲ್ಲ. ಆದರೂ ಅಂಗಡಿಗೆ ಹೋದರೆ ಕಣ್ಣು ಮೊದಲು ಆ ಸಾಲಿಗೇ ಹೋಗುತ್ತದೆ.