ಬಸುರಿಗೆ ಮಣ್ಣು ತಿನ್ನುವ ಬಯಕೆ: ಕೇಳುತ್ತಿರುವುದು ಮಗುವೇ, ರಕ್ತಹೀನತೆಯೇ?

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮಲೆನಾಡಿನವರಿಗೆಲ್ಲ ಇಷ್ಟ. ಆದರೆ ಕೆಲವು ಬಸುರಿಯರಿಗೆ ಆ ಮಣ್ಣನ್ನು ತಿನ್ನಲೇಬೇಕು ಅನಿಸುತ್ತದೆ. ಇನ್ನು ಕೆಲವರಿಗೆ ಬಳಪ, ಒಲೆಯ ಬೂದಿ, ಇದ್ದಿಲು, ಹಸಿ ಅಕ್ಕಿ ಅಥವಾ ಐಸ್ ಬೇಕು. 'ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ, ಚೂರು ತಿಂದರೆ ಏನಾಗುತ್ತದೆ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ?

ನಿಜವಲ್ಲ. ಕಿವಿ ಸೋರುವುದು ಸೋಂಕಿನಿಂದ. ಅದಕ್ಕೂ ಬಯಕೆಗೂ ಸಂಬಂಧವಿಲ್ಲ.

ಏನಿದು?
ಆಹಾರವಲ್ಲದ್ದನ್ನು ತಿನ್ನುವ ಈ ಆಸೆಗೆ ವೈದ್ಯರು 'ಪೈಕಾ' ಎನ್ನುತ್ತಾರೆ. ಇದು ಹೊಸದಲ್ಲ. ಕಾಳಿದಾಸನ 'ರಘುವಂಶ'ದಲ್ಲಿ ಗರ್ಭಿಣಿ ರಾಣಿ ಸುದಕ್ಷಿಣೆಯೂ ಮಣ್ಣು ತಿನ್ನುತ್ತಾಳೆ.

ಯಾಕೆ ಹೀಗೆ?
ಪೈಕಾ ಇರುವವರಲ್ಲಿ ಕಬ್ಬಿಣಾಂಶದ ಕೊರತೆ ಹೆಚ್ಚಾಗಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇದೆ. ಕೊರತೆ ನೀಗಿದಾಗ ಅನೇಕರಲ್ಲಿ ಈ ಆಸೆಯೂ ಹೋಗುತ್ತದೆ.

'ಕೆಮ್ಮಣ್ಣಿನಲ್ಲಿ ಕಬ್ಬಿಣವಿದೆಯಲ್ಲ, ತಿಂದರೆ ಒಳ್ಳೆಯದೇ' ಎನ್ನುವವರಿದ್ದಾರೆ. ಮಣ್ಣಿನ ಕೆಂಪು ಕಬ್ಬಿಣದ್ದೇ ಹೌದು, ಆದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಜೇಡಿಮಣ್ಣು ಊಟದಲ್ಲಿರುವ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಮಣ್ಣು ತಿಂದಷ್ಟೂ ಕೊರತೆ ಹೆಚ್ಚಬಹುದು.

ಕಾಫಿ ಸೀಮೆಯವರು ಗಮನಿಸಿ
ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ತೋಟಗಳಲ್ಲಿ ಮೂರು ವಿಷಯ ನೆನಪಿರಲಿ. ತೋಟದ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು, ಸಿಂಪಡಿಸಿದ ಬೋರ್ಡೋ ದ್ರಾವಣದ ತಾಮ್ರವೂ ಉಳಿದಿರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಊಟದ ಜೊತೆ ಕುಡಿಯುವ ಕಾಫಿ, ಟೀ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ.

ಏನು ಮಾಡಬೇಕು?
• ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.
• ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, ಕನಿಷ್ಠ 180 ದಿನ. ನಿಂಬೆ ಪಾನಕದ ಜೊತೆ ನುಂಗಿ. ಕಾಫಿಗೆ ಒಂದೆರಡು ಗಂಟೆ ಅಂತರವಿರಲಿ.
• ಜಂತುಹುಳುವಿನ ಮಾತ್ರೆಯನ್ನು ಮೊದಲ ಮೂರು ತಿಂಗಳು ಮುಗಿದ ಮೇಲೆ, ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಿ.

ಮುಖ್ಯವಾಗಿ, ಮಣ್ಣು ತಿನ್ನುವವಳನ್ನು ನಗಬೇಡಿ, ಗದರಬೇಡಿ. ನಾಚಿಕೆಯಿಂದ ಅವಳು ಮುಚ್ಚಿಟ್ಟರೆ ರಕ್ತಹೀನತೆಯೂ ಮುಚ್ಚಿಹೋಗುತ್ತದೆ. ಹೆರಿಗೆಯ ರಕ್ತಸ್ರಾವದಲ್ಲಿ ಅದೇ ಪ್ರಾಣಕ್ಕೆ ಕುತ್ತಾಗಬಹುದು. ಆಶಾ ಕಾರ್ಯಕರ್ತೆಯ ಬಳಿ ಒಂದು ಮಾತು ಹೇಳಿದರೆ ಸಾಕು. ಕಿವಿ ಸೋರುವ ಕಥೆಯ ಬದಲು ಇದನ್ನು ಫಾರ್ವರ್ಡ್ ಮಾಡಿ.